ಸಂರಕ್ಷಿತ ಸೈಕಲ್ ಪಥ

ಸಂರಕ್ಷಿತ ಸೈಕಲ್ ಪಥ: ವಾಹನನಿಬಿಡವಾದ ನಗರರಸ್ತೆಯಲ್ಲಿ ಬೈಸಿಕಲ್ ಸವಾರರಿಗೆಂದೇ ಮೀಸಲಾಗಿ, ಮೋಟಾರು ವಾಹನಗಳ ಓಡಾಟದಿಂದ ಕಟ್ಟೆ, ಕಂಬಗಳ ಸಾಲು, ಗಿಡಗಳ ಪಾತಿ ಅಥವಾ ನೆಲಮಟ್ಟದ ವ್ಯತ್ಯಾಸ ಇವುಗಳಲ್ಲಿ ಯಾವುದಾದರೊಂದರಿಂದ ಬೇರ್ಪಟ್ಟಿರುವ ದಾರಿ. ರಸ್ತೆಯಂಚಿನಲ್ಲಿ ಬಣ್ಣದ ಗೆರೆಯೊಂದನ್ನೆಳೆದು ಮಧ್ಯದಲ್ಲಿ ಸೈಕಲ್ಲಿನ ಚಿತ್ರವನ್ನು ಬರೆದಷ್ಟರಿಂದಲೇ ಈ ಹೆಸರು ಸಲ್ಲದು. ಏತಕ್ಕೆಂದರೆ ಗೆರೆಯನ್ನು ದಾಟದಿರುವುದು ಚಾಲಕನ ಸೌಜನ್ಯಕ್ಕೆ ಬಿಟ್ಟ ಸಂಗತಿಯಾದರೆ, ಕಟ್ಟೆಯನ್ನು ದಾಟದಿರುವುದು ಅವನ ವಾಹನದ ಹಿತಕ್ಕೆ ಸೇರಿದ ಸಂಗತಿ.

ಪ್ರತ್ಯೇಕತೆಯ ಆವಶ್ಯಕತೆ ಭೌತಶಾಸ್ತ್ರದ ಒಂದು ಸರಳ ನಿಯಮದಿಂದ ಹುಟ್ಟುತ್ತದೆ. ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು 30 ಕಿ.ಮೀ. ವೇಗದಲ್ಲಿ ಬರುವ ಅದೇ ಕಾರಿಗಿಂತ ನಾಲ್ಕು ಮಡಿ ಶಕ್ತಿಯನ್ನು ಹೊತ್ತಿರುತ್ತದೆ. ಸೈಕಲ್ ಸವಾರನಿಗಾದರೋ ತನ್ನ ಚರ್ಮವೇ ಕವಚ. ವಾಹನಗಳು ನಿಧಾನವಾಗಿ ಸಾಗುವ ಬಡಾವಣೆಯ ಒಳಬೀದಿಗಳಲ್ಲಿ ಸೈಕಲ್ಲೂ ಕಾರೂ ಒಂದೇ ನೆಲವನ್ನು ಹಂಚಿಕೊಂಡು ಹೋಗಬಹುದು. ಅಲ್ಲಿ ಬೇರೆ ಪಥವನ್ನು ಕಟ್ಟುವುದು ವ್ಯರ್ಥವ್ಯಯ. ವೇಗವನ್ನು ಇಳಿಸಲಾಗದ, ಲಾರಿ ಬಸ್ಸುಗಳನ್ನು ತಡೆಯಲಾಗದ ಹೆದ್ದಾರಿಸದೃಶ ಮಾರ್ಗಗಳಲ್ಲಿ ಮಾತ್ರ ಬೇರ್ಪಡಿಸುವುದನ್ನು ಬಿಟ್ಟರೆ ಗತ್ಯಂತರವಿಲ್ಲ.

ಈ ಕಲ್ಪನೆ ಹೊಸತೇನಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಮಾಲಿಬಾನ್ ಬೀದಿಯಲ್ಲಿ 1885ರಷ್ಟು ಹಿಂದೆಯೇ ಸೈಕಲ್ಲಿಗೆ ಬೇರೆ ದಾರಿಯಿತ್ತು. 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ರಸ್ತೆಯ ಪಕ್ಕದಲ್ಲಿ ಸೈಕಲ್ ಪಥವನ್ನು ತೆರೆದಾಗ ಅದನ್ನು ಪ್ರತಿಭಟಿಸಿದವರು ಸೈಕಲ್ ಸವಾರರ ಸಂಘದವರೇ. ಪಥದ ನೆಪವನ್ನೊಡ್ಡಿ ರಾಜಮಾರ್ಗದಿಂದ ತಮ್ಮನ್ನು ಹೊರದೂಡುವರೆಂಬ ಶಂಕೆ ಅವರದು, ಆ ಶಂಕೆ ಸರ್ವಥಾ ನಿರಾಧಾರವಾದುದೆಂದು ಹೇಳುವಂತಿಲ್ಲ. ನೆದರ್ಲೆಂಡ್ಸ್ ಇಂದಿನ ಕೀರ್ತಿಗೆ ಪಾತ್ರವಾದುದು 1970ರ ದಶಕದಲ್ಲಿ. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಮಿಕ್ಕ ಜನ ಸತ್ತು, ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳಾಗಿದ್ದುದನ್ನು ಕಂಡು ತಾಯ್ತಂದೆಯರು ಬೀದಿಗಿಳಿದರು. ಆ ಬಳಿಕ ಸರ್ಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಒಂದೊಂದು ಮಾದರಿ ಮಾರ್ಗವನ್ನು ಕಟ್ಟಿಸಿತು. ಅಕ್ಕಪಕ್ಕದ ಬೀದಿಗಳ ಸವಾರರು ಆ ಮಾರ್ಗಕ್ಕೆ ಸರಿದರೇ ಹೊರತು ಊರಿನ ಒಟ್ಟು ಸವಾರಿ ಗಣನೀಯವಾಗಿ ಏರಲಿಲ್ಲ. 1980ರ ದಶಕದಲ್ಲಿ ಡೆಲ್ಫ್ಟ್ ನಗರದಲ್ಲಿ ಊರಿಗೆ ಊರೇ ವ್ಯಾಪಿಸುವ ಜಾಲವನ್ನು ಹೆಣೆದ ಮೇಲೆ ಫಲ ಕಂಡಿತು.

ಭಾರತದಲ್ಲಿ ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲಿಯೇ ಸೈಕಲ್ ಪಥಗಳಿಗೆ ಮಾನದಂಡವನ್ನು ರೂಪಿಸಿತ್ತು. ದಟ್ಟಣೆಯ ವೇಳೆಯಲ್ಲಿ ಗಂಟೆಗೆ 400 ಸೈಕಲ್ಲುಗಳೂ 100ರಿಂದ 200 ಮೋಟಾರು ವಾಹನಗಳೂ ಸಾಗುವ ರಸ್ತೆಗೆ ಪ್ರತ್ಯೇಕ ಪಥ ಬೇಕು. ಮೋಟಾರು ವಾಹನಗಳು 200ನ್ನು ಮೀರಿದರೆ ಸೈಕಲ್ಲುಗಳು 100 ಇದ್ದರೂ ಸಾಕು ಎಂಬುದು ಅದರ ಸಾರ. ಅಂದಿನ ಪಟ್ಟಣಗಳಿಗೆ ಯುಕ್ತವೇ ಆಗಿದ್ದ ಈ ಲೆಕ್ಕದಲ್ಲಿ ಇಂದು ಒಂದು ದೋಷ ಎದ್ದು ತೋರುತ್ತದೆ: ರಸ್ತೆಯ ಭೀತಿಯಿಂದಲೇ ಸೈಕಲ್ಲನ್ನು ಮನೆಯ ಗೋಡೆಗೆ ಒರಗಿಸಿಟ್ಟವನು ಎಣಿಕೆಗೆ ಸಿಕ್ಕುವುದಿಲ್ಲ, ಎಣಿಕೆಗೆ ಸಿಕ್ಕದ್ದರಿಂದ ಪಥ ಬರುವುದಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳ ಚಲನೆಗಿಂತ ಜನರ ಚಲನೆ ಮುಖ್ಯವೆಂಬ ತತ್ತ್ವವನ್ನು ಅಂಗೀಕರಿಸಿತು; 2015ರಲ್ಲಿ ರೋಡ್ಸ್ ಕಾಂಗ್ರೆಸ್ ತನ್ನ ಹಳೆಯ ನಿಯಮಾವಳಿಯನ್ನು ಪರಿಷ್ಕರಿಸಿತು. ಈ ನಡುವೆ, 2008ರಲ್ಲಿ, ದೆಹಲಿಯ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿ.ಮೀ. ರಸ್ತೆಯಲ್ಲಿ ಬಸ್ಸಿಗೊಂದು, ಸೈಕಲ್ಲಿಗೊಂದು ಪ್ರತ್ಯೇಕ ದಾರಿ ಏರ್ಪಟ್ಟಿತ್ತು. ಕಾರುಳ್ಳವರ ಆಕ್ಷೇಪಗಳ ನಡುವೆ ಎಂಟು ವರ್ಷ ಬಾಳಿ 2016ರಲ್ಲಿ ಅದು ಕೆಡವಲ್ಪಟ್ಟಿತು.

ಕರ್ನಾಟಕದಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡ ಸಂಸ್ಥೆ 2007ರಲ್ಲಿ ಸ್ಥಾಪಿತವಾದ ನಗರ ಭೂ ಸಾರಿಗೆ ನಿರ್ದೇಶನಾಲಯ. ಬೆಂಗಳೂರಿನಲ್ಲಿ 2013ರಲ್ಲಿ ಸೈಕಲ್ ದಿನಗಳ ಆಚರಣೆ ಮೊದಲಾಯಿತು; ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ 450 ಸೈಕಲ್ಲುಗಳೊಡನೆ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು. ಬೆಂಗಳೂರಿನ ಜಯನಗರದಲ್ಲಿ ಅದಕ್ಕೂ ಮುಂಚೆಯೇ ರಸ್ತೆಯಂಚಿನಲ್ಲಿ ಸೈಕಲ್ ಗೆರೆಗಳನ್ನೆಳೆದಿದ್ದರು. ಆ ಗೆರೆಗಳ ಒಳಗಿನ ಜಾಗ ಸ್ವಲ್ಪಕಾಲದಲ್ಲಿಯೇ ಕಾರು ಸ್ಕೂಟರುಗಳ ನಿಲ್ದಾಣವಾಗಿ ಮಾರ್ಪಟ್ಟಿತು. ಬಣ್ಣವನ್ನು ನಂಬಿ ಕೆಟ್ಟ ಪ್ರಯೋಗಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಸಂರಕ್ಷಿತ ಪಥವೆಂಬ ಹೆಸರಿಗೆ ತಕ್ಕ ಪ್ರಯತ್ನ ರಾಜ್ಯದಲ್ಲಿ ನಡೆದುದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ. ಸಿಲ್ಕ್ ಬೋರ್ಡ್ ಕೂಡುರಸ್ತೆಯಿಂದ ಕೃಷ್ಣರಾಜಪುರದ ಕಡೆಗೆ ಸಾಗುವ ಈ ಮಾರ್ಗದ ಇಕ್ಕೆಲಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳು ಒತ್ತೊತ್ತಾಗಿ ನೆಲಸಿದ್ದು, ಬೆಳಗು ಬೈಗುಗಳಲ್ಲಿ ವಾಹನಗಳು ನಿಂತಲ್ಲಿಯೇ ನಿಲ್ಲುವ ಅದರ ಸ್ಥಿತಿ ನಾಡಿಗೆಲ್ಲ ತಿಳಿದದ್ದೇ. 2019ರ ಕೊನೆಯ ಭಾಗದಲ್ಲಿ ಇಲ್ಲಿ ಬಿ.ಎಂ.ಟಿ.ಸಿ. ಬಸ್ಸುಗಳಿಗೆ ಆದ್ಯತಾ ಪಥವೊಂದನ್ನು ಕಂಬಗಳ ಸಾಲಿನಿಂದ ಬೇರ್ಪಡಿಸಿದರು. ಮರುವರ್ಷ ಕೊರೋನಾ ವ್ಯಾಧಿಯ ದೆಸೆಯಿಂದ ಬಸ್ಸು ರೈಲುಗಳಲ್ಲಿ ಒತ್ತಾಗಿ ಕೂರಲು ಜನ ಅಂಜುತ್ತಿದ್ದಾಗ, ಅದೇ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಉದ್ದಕ್ಕೆ ತಾತ್ಕಾಲಿಕ ಸೈಕಲ್ ಪಥವೊಂದನ್ನು ನಿರ್ಮಿಸಲು ನಿರ್ದೇಶನಾಲಯ ಮುಂದಾಯಿತು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2020ರಲ್ಲಿಯೇ ಸೈಕಲ್ ಸ್ನೇಹಿ ನಗರಗಳಿಗಾಗಿ ಸ್ಪರ್ಧೆಯೊಂದನ್ನು ಸಾರಿ, ನೂರಕ್ಕೂ ಮಿಕ್ಕ ನಗರಗಳಲ್ಲಿ ಪುರಸ್ಕಾರಕ್ಕೆ ಆರಿಸಿದ 11ರಲ್ಲಿ ಬೆಂಗಳೂರೂ ಒಂದಾಗಿತ್ತು.

ತಾತ್ಕಾಲಿಕ ಪಥದ ಗುಣವೂ ದೋಷವೂ ಅದರ ಸುಲಭತೆಯಲ್ಲಿಯೇ ಅಡಗಿವೆ. ಕಟ್ಟೆ ಕಟ್ಟುವುದಕ್ಕೆ ತಿಂಗಳುಗಳು ಬೇಕಾದರೆ ಪ್ಲಾಸ್ಟಿಕ್ ಕಂಬಗಳನ್ನು ಡಾಂಬರಿಗೆ ಮೊಳೆ ಹೊಡೆದು ನಿಲ್ಲಿಸುವುದಕ್ಕೆ ಕೆಲವು ರಾತ್ರಿಗಳು ಸಾಕು. ಎಲ್ಲಿ ಅಗಲ ಸಾಲದು, ಎಲ್ಲಿ ಬಸ್ಸು ಅಡ್ಡ ಬರುತ್ತದೆ ಎಂಬುದನ್ನು ನಕ್ಷೆಯ ಮೇಲೆ ಊಹಿಸುವ ಬದಲು ನೆಲದ ಮೇಲೆಯೇ ಕಂಡು ತಿದ್ದಬಹುದು. ಆದರೆ ಬಾಗುವ ಕಂಬ ಬಾಗುವುದಕ್ಕೆಂದೇ ಇರುವ ಕಂಬ. ಒಂದು ಮುರಿದರೆ ಆ ತೆರಪಿನಲ್ಲಿ ಬೈಕು ನುಗ್ಗುತ್ತದೆ, ಮೂರು ಮುರಿದರೆ ಅಲ್ಲೊಂದು ಕಾರು ನಿಲ್ಲುತ್ತದೆ. ಹೊರವರ್ತುಲ ರಸ್ತೆಯಲ್ಲಿ ಆದುದೂ ಹೀಗೆಯೇ: ದಟ್ಟಣೆಯಲ್ಲಿ ಸಿಕ್ಕಿಬಿದ್ದ ದ್ವಿಚಕ್ರ ಮೋಟಾರುಗಳು ಸೈಕಲ್ಲಿನ ದಾರಿಯನ್ನು ತಮ್ಮ ದಾರಿಯೆಂದೇ ಭಾವಿಸಿದವು. ಅಷ್ಟರಲ್ಲಿ, 2021ರ ಏಪ್ರಿಲ್ ತಿಂಗಳಲ್ಲಿ, ಇದೇ ರಸ್ತೆಯ ಮೇಲೆ ಹಾಯಬೇಕಾದ ‘ನಮ್ಮ ಮೆಟ್ರೋ’ ರೈಲುಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತು, ತಡೆಬೇಲಿಗಳು ರಸ್ತೆಯ ನಡುವನ್ನು ಆಕ್ರಮಿಸಲಾಗಿ, ಕಳೆದುಹೋದ ಅಗಲವನ್ನು ತುಂಬಿಕೊಡಬೇಕಾಗಿ ಬಂದದ್ದು ಬಸ್ಸಿನ ಪಥ ಮತ್ತು ಸೈಕಲ್ಲಿನ ಪಥಗಳೇ. ಕಾಮಗಾರಿಯ ಕಾಲದಲ್ಲಿ ಯಾರ ಪಾಲನ್ನು ಮೊದಲು ಕುಗ್ಗಿಸುತ್ತಾರೆ ಎಂಬುದರಿಂದ ಒಂದು ನಗರದ ನಿಜವಾದ ಸಾರಿಗೆ ನೀತಿ ಗೊತ್ತಾಗುತ್ತದೆ, ಮುದ್ರಿತ ನೀತಿ ಏನೇ ಇರಲಿ. ಆ ವರ್ಷವೇ ಪಾದಚಾರಿಗಳ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಿನ ರೂಪಕ್ಕೆ ತರುವ ಸಕ್ರಿಯ ಸಂಚಾರ ಮಸೂದೆಯ ಕರಡನ್ನು ನಿರ್ದೇಶನಾಲಯ ಸಿದ್ಧಪಡಿಸಿದ್ದು ಈ ಸಂದರ್ಭದಲ್ಲಿ ಸ್ಮರಣೀಯ.

ಇಂಥ ಪಥವನ್ನು ಯೋಜಿಸುವ ಕ್ರಮ ಎಣಿಕೆಯಿಂದ ಮೊದಲಾಗುತ್ತದೆ. ಹಗಲು ಹತ್ತರ ಮೇಲೆ ಮೂಲೆಯಲ್ಲಿ ಕುಳಿತು ಎಣಿಸಿದವನಿಗೆ ಸೈಕಲ್ಲೇ ಕಾಣಿಸದಿದ್ದರೆ ಆಶ್ಚರ್ಯವಿಲ್ಲ. ಹಾಲು ಮತ್ತು ಪತ್ರಿಕೆಗಳನ್ನು ಹಂಚುವವರು ಅಷ್ಟರಲ್ಲಿ ಮನೆ ಸೇರಿರುತ್ತಾರೆ, ರಾತ್ರಿಯ ಕಾವಲುಗಾರ ಮಲಗಿರುತ್ತಾನೆ, ಗಾರೆಯವನು ಕಟ್ಟಡವೇರಿರುತ್ತಾನೆ, ಮಕ್ಕಳು ತರಗತಿಯಲ್ಲಿರುತ್ತಾರೆ. ಅಗಲದ ವಿಷಯದಲ್ಲಿ, ಏಕಮುಖ ಪಥಕ್ಕೆ 2 ಮೀಟರನ್ನೂ ದ್ವಿಮುಖ ಪಥಕ್ಕೆ 3 ಮೀಟರನ್ನೂ ಕನಿಷ್ಠವೆಂದು ಎಣಿಸುವುದು ವಾಡಿಕೆ. ಏರು ಮೂವತ್ತಕ್ಕೆ ಒಂದಕ್ಕಿಂತ ಕಡಿದಾಗಿರಬಾರದು.

ಅಗಲ ಏರುಗಳು ಸರಿಯಿದ್ದರೂ ಪಥದ ಪರೀಕ್ಷೆ ನಡೆಯುವುದು ಕೂಡುರಸ್ತೆಯಲ್ಲಿ. ಅಲ್ಲಿಯವರೆಗೆ ಕಟ್ಟೆಯ ಮರೆಯಲ್ಲಿ ನೆಮ್ಮದಿಯಿಂದ ಬಂದ ಸವಾರ ನೇರ ಹೋಗಬೇಕಾಗಿರುವಾಗ, ಅವನ ಬಲಕ್ಕಿರುವ ಲಾರಿ ಎಡಕ್ಕೆ ತಿರುಗುತ್ತದೆ. ಎತ್ತರದ ಆಸನದಲ್ಲಿ ಕುಳಿತ ಚಾಲಕನಿಗೆ ತನ್ನ ಎಡಮಗ್ಗುಲ ಕೆಳಗಿರುವ ಸೈಕಲ್ಲು ಕನ್ನಡಿಯಲ್ಲಿಯೂ ಕಾಣದು. ಮುಂದಿನ ಗಾಲಿ ದಾಟಿದ ಮೇಲೂ ಹಿಂದಿನ ಗಾಲಿಗಳು ಒಳಸುತ್ತಿನಲ್ಲಿ ಮೂಲೆಯನ್ನು ಸವರಿಕೊಂಡು ಬರುವುದರಿಂದ ಅಪಾಯ ಇಮ್ಮಡಿಸುತ್ತದೆ. ಇದಕ್ಕೆ ಪರಿಹಾರಗಳಿಲ್ಲದಿಲ್ಲ: ಸೈಕಲ್ಲಿನ ದಾಟುವಿಕೆಯನ್ನು ಕೂಡುರಸ್ತೆಯ ಬಾಯಿಂದ ಒಂದು ಕಾರಿನ ಉದ್ದದಷ್ಟು ಒಳಕ್ಕೆ ಸರಿಸಿದರೆ ತಿರುಗಿದ ವಾಹನ ಸವಾರನನ್ನು ಎದುರಿಗೇ ಕಂಡು ನಿಲ್ಲಬಹುದು; ಮೂಲೆಯಲ್ಲಿ ಸಣ್ಣ ದ್ವೀಪವೊಂದನ್ನು ಕಟ್ಟಿ ತಿರುವನ್ನು ಬಿಗಿಗೊಳಿಸಿದರೆ ವೇಗ ತಾನಾಗಿ ಇಳಿಯುತ್ತದೆ; ಸಿಗ್ನಲ್ಲಿನಲ್ಲಿ ಸೈಕಲ್ಲಿಗೆ ಕೆಲವು ಕ್ಷಣ ಮುಂಚೆ ಹಸಿರು ತೋರಿಸಬಹುದು. ಬಸ್ ನಿಲ್ದಾಣದಲ್ಲಿ ಪಥವನ್ನು ತಂಗುದಾಣದ ಹಿಂಬದಿಯಿಂದ ಹಾಯಿಸಬೇಕು; ಮುಂಬದಿಯಿಂದ ಹಾಯಿಸಿದರೆ ಬಸ್ಸು ನಿಂತಾಗಲೆಲ್ಲ ಸವಾರ ಮುಖ್ಯರಸ್ತೆಗೆ ಇಳಿಯಲೇಬೇಕಾಗುತ್ತದೆ.

ಸೈಕಲ್ಲನ್ನು ತುಳಿದವನಿಗಷ್ಟೇ ತಿಳಿಯುವ ಕೆಲವು ಸೂಕ್ಷ್ಮಗಳಿವೆ. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸರಳುಗಳು ದಾರಿಯ ಉದ್ದಕ್ಕೆ ಮಲಗಿದ್ದರೆ ಸೈಕಲ್ಲಿನ ಕಿರಿದಾದ ಗಾಲಿ ಸಂದಿಗಿಳಿದು ಸವಾರ ಮುಗ್ಗರಿಸುತ್ತಾನೆ. ಅದೇ ಜಾಲರಿಯನ್ನು ತಿರುಗಿಸಿ ಸರಳುಗಳು ಅಡ್ಡವಾಗುವಂತೆ ಇಟ್ಟರೆ ಅಪಾಯ ತಪ್ಪಿತು, ಕಾಸಿನ ಖರ್ಚಿಲ್ಲ. ಮಳೆನೀರು ಹರಿದುಬಂದು ನಿಲ್ಲುವುದು ರಸ್ತೆಯ ಅಂಚಿನಲ್ಲಿ, ಪಥವಿರುವುದೂ ಅಲ್ಲಿಯೇ. ಮುಖ್ಯರಸ್ತೆಯ ಮರಳು, ಜಲ್ಲಿಪುಡಿ, ಗಾಜಿನ ಚೂರುಗಳನ್ನು ವಾಹನಗಳ ಗಾಲಿಗಳೇ ಬದಿಗೆ ಚಿಮ್ಮಿಸುತ್ತವೆ. ಸೈಕಲ್ ಪಥವನ್ನು ಗುಡಿಸಲು ಗಾಲಿಗಳಿಲ್ಲ, ಪೊರಕೆಯೇ ಬೇಕು. ಮೇಲುಹಾಸಿಗೆ ಶಹಾಬಾದದ ಕಲ್ಲನ್ನು ಬಳಸಬಹುದೇ ಎಂಬ ಪ್ರಶ್ನೆ ಕಲಬುರಗಿ ಸೀಮೆಯವರಿಗೆ ಸಹಜ: ಒರಟಾಗಿರುವ ಕಲ್ಲು ಕಾಲ್ದಾರಿಗೆ ಉತ್ತಮ, ಆದರೆ ನಯಗೊಳಿಸಿದ ಕಲ್ಲು ಮಳೆ ಬಿದ್ದೊಡನೆ ಜಾರುತ್ತದೆ, ಹಾಸುಗಳ ನಡುವಿನ ಸಂದುಗಳು ಗಾಲಿಗೆ ಕಿರುಕುಳವೀಯುತ್ತವೆ. ಪಥಕ್ಕೆ ಡಾಂಬರು ಅಥವಾ ಕಾಂಕ್ರೀಟೇ ಲೇಸು.

ಕಲಬುರಗಿ ಜಿಲ್ಲೆಯ ಪೂರ್ವಭಾಗಕ್ಕೆ ಈ ವಿಚಾರ ಬೆಂಗಳೂರಿಗಿಂತ ಕಡಿಮೆ ಸಂಬಂಧಪಟ್ಟದ್ದೇನಲ್ಲ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳಲ್ಲಿಯೂ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬಳಿಯಲ್ಲಿಯೂ ಸುಣ್ಣಕಲ್ಲಿನ ಸಮೃದ್ಧಿಯಿಂದ ಸಿಮೆಂಟು ಕಾರ್ಖಾನೆಗಳು ತಲೆಯೆತ್ತಿವೆ. ಪುಡಿಸಿಮೆಂಟನ್ನು ಹೊತ್ತ ಬಲ್ಕರುಗಳೂ ಕಲ್ಲುಗಣಿಯ ಟಿಪ್ಪರುಗಳೂ ಊರನಡುವಿನ ರಸ್ತೆಯಲ್ಲಿಯೇ ಹಾಯುತ್ತವೆ. ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರೂ, ಶಾಲೆಯ ಹೊತ್ತಿಗೆ ಮಕ್ಕಳೂ ಅದೇ ಡಾಂಬರಿನ ಅಂಚನ್ನು ಹಿಡಿಯಬೇಕು. ರಾಜ್ಯಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚತೊಡಗಿದಾಗ ತಾಂಡಾಗಳ, ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಸೈಕಲ್ಲನ್ನು ಕೊಟ್ಟ ಸರ್ಕಾರ ಅದನ್ನು ತುಳಿಯುವ ದಾರಿಯನ್ನು ಕೊಡಲಿಲ್ಲವೆಂಬುದು ಆ ಒಳ್ಳೆಯ ಯೋಜನೆಯ ಮೇಲೆ ಉಳಿದ ಋಣ.

ಇಲ್ಲಿಯ ನೆಲಕ್ಕೆ ತಕ್ಕಂತೆ ವಿಧಾನವೂ ಬದಲಾಗಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ, ಭಾರವಿಲ್ಲದ ಸೈಕಲ್ಲಿಗೆ ತೆಳುಹಾಸು ಸಾಕೆಂದು ನೆಲದ ಮೇಲೆಯೇ ಕಾಂಕ್ರೀಟು ಸುರಿದರೆ ಎರಡು ವರ್ಷಕ್ಕೆ ಬಿರುಕು ಬಿಡುವುದು ನಿಶ್ಚಯ. ಮಣ್ಣನ್ನು ತೋಡಿ ಗರಸು ತುಂಬಿ ಗಟ್ಟಿಸಬೇಕು. ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ನೆರಳಿಲ್ಲದ ಪಥ ಬರಿದಾಗಿಯೇ ಇರುವುದರಿಂದ ಬೇವಿನ ಸಾಲು ಕಟ್ಟೆಯಷ್ಟೇ ಮುಖ್ಯ. ತೊಗರಿಯ ರಾಶಿಯ ಕಾಲದಲ್ಲಿ, ಲಾರಿ ಹತ್ತದ ಇಷ್ಟು ಚೊಕ್ಕವಾದ ನೆಲ ಸಿಕ್ಕಿದರೆ ರೈತ ಅದರ ಮೇಲೆ ಕಾಳು ಹರಡದಿರಲಾರ. ಅವನನ್ನು ಗದರಿಸುವುದಕ್ಕಿಂತ ಊರ ಹೊರಗೆ ಕಣವೊಂದನ್ನು ಕಟ್ಟಿಸಿಕೊಡುವುದು ಮೇಲು. ಇನ್ನು ಕುಂಚಾವರಂ ಕಡೆಯ ಕಾಡುದಾರಿಗಳಲ್ಲಿ, ಅದರಲ್ಲಿಯೂ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಅರಣ್ಯದೊಳಗೆ, ಇಂಥ ಪಥದ ಅಗತ್ಯವೇ ಇಲ್ಲ. ವಾಹನಗಳು ವಿರಳವಾಗಿರುವ ಅಲ್ಲಿ ತಾಂಡಾದ ಎರಡೂ ಕೊನೆಗಳಲ್ಲಿ ವೇಗತಡೆಗಳನ್ನಿಟ್ಟರೆ ಸಾಕು. ಪಥಕ್ಕಾಗಿ ರಸ್ತೆಯನ್ನು ಅಗಲಿಸಹೊರಟರೆ ಮರಗಳೂ ಹೋದಾವು, ವಾಹನಗಳ ವೇಗವೂ ಏರೀತು.

ಚಾಲ್ತಿಯಲ್ಲಿರುವ ರಸ್ತೆಯಿಂದ ಎರಡು ಮೀಟರು ಕಿತ್ತುಕೊಳ್ಳುವುದು ಯಾವ ಪುರಸಭೆಗೂ ಸುಲಭವಲ್ಲ. ಅಂಗಡಿಕಾರರು, ಬಂಡಿಯವರು, ಕಾರಿನವರು ಎಲ್ಲರೂ ಎದುರಾಗುವರು. ಚರಂಡಿಗಾಗಿಯೋ ಕುಡಿಯುವ ನೀರಿನ ಕೊಳವೆಗಾಗಿಯೋ ರಸ್ತೆಯನ್ನು ಅಗೆದು ಮತ್ತೆ ಕಟ್ಟುವಾಗ ಮಾತ್ರ ಈ ಕೆಲಸ ಅಲ್ಪವ್ಯಯದಲ್ಲಿ ಆಗತಕ್ಕದ್ದು. ಶಹಾಬಾದ, ವಾಡಿ, ಸೇಡಂ ಪಟ್ಟಣಗಳ ಇಂಜಿನಿಯರುಗಳು ಮುಂದಿನ ಸಲ ಮುಖ್ಯರಸ್ತೆಯ ಅಂದಾಜುಪಟ್ಟಿಯನ್ನು ತಯಾರಿಸುವಾಗ ಆ ಎರಡು ಮೀಟರನ್ನು ಮೊದಲೇ ಗುರುತುಹಾಕಿ, ಉಳಿದ ಅಗಲವನ್ನು ಆಮೇಲೆ ಹಂಚಬೇಕು.