ಕಣ್ವದ ಒಂದು ಗಿಡ

ರಾಮನಗರದ ರೇಷ್ಮೆ ನೋಡಬೇಕು ಅಂದವರನ್ನು ಎಲ್ಲರೂ ಗೂಡಿನ ಮಾರುಕಟ್ಟೆಗೆ ಕರೆದೊಯ್ಯುತ್ತಾರೆ. ಏಷ್ಯಾಕ್ಕೇ ದೊಡ್ಡದು ಎಂಬ ಹೆಮ್ಮೆ, ಹರಾಜಿನ ಗದ್ದಲ, ಗುಡ್ಡೆ ಬಿದ್ದ ಹಳದಿ, ಬಿಳಿ ಗೂಡು. ನೆಡುವ ಹಿಪ್ಪುನೇರಳೆ ಕಡ್ಡಿ ನೋಡಲು ಯಾರೂ ಬರುವುದಿಲ್ಲ. ಕನಕಪುರದ ಕಡೆ ಹಿಪ್ಪುನೇರಳೆ ನರ್ಸರಿ ಇಟ್ಟುಕೊಂಡಿರುವ ನನಗೆ ಈ ಸೀಮೆಯ ಚರಿತ್ರೆ ಶುರುವಾಗುವುದೇ ಕಡ್ಡಿಯಿಂದ.

ಹುಳ ಎಲ್ಲೆಲ್ಲಿಂದಲೋ ಬಂತು. ಬಂಗಾಳದಿಂದ ಹುಳ ತರಿಸಿದ ಟಿಪ್ಪು, 1786ರ ಪತ್ರವೊಂದರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಅವುಗಳ ಮೇವಿನ ಬಗ್ಗೆಯೂ ಬರೆಯುತ್ತಾನೆ: ಮೊದಲೇ ನೆಡಲು ಹೇಳಿದ್ದ ಕಾಡು ಹಿಪ್ಪುನೇರಳೆಯ ಸೊಪ್ಪು ಕೊಡಬೇಕು. ಬುದ್ಧಿವಂತ. ಸೊಪ್ಪಿಲ್ಲದೆ ಮೊಟ್ಟೆ ತಂದವರ ಗತಿ ನಮ್ಮೂರಲ್ಲಿ ಎಷ್ಟೋ ನೋಡಿದ್ದೇವೆ. 1860ರ ದಶಕದಲ್ಲಿ ಹುಳಕ್ಕೆ ರೋಗ ತಗುಲಿ ಕಸುಬು ನೆಲಕಚ್ಚಿದಾಗ ಇಟಲಿಯ ಡಿ ವೆಚ್ಚಿ ಜಪಾನಿನ ತಳಿ ತರಿಸಿ ನೋಡಿದ. ಹೀಗೆ ಹುಳ ಬದಲಾಗುತ್ತಿದ್ದರೂ ತೋಟದಲ್ಲಿದ್ದದ್ದು ಅದೇ ನಾಟಿ ಗಿಡ, ಮೈಸೂರು ಲೋಕಲ್. ಎಲೆ ಚಿಕ್ಕದು, ಅಂಚು ಸೀಳಿದ್ದು, ಬರ ತಡೆಯುವುದು.

ನಮ್ಮ ತಾತ ನೆಡುತ್ತಿದ್ದದ್ದು ಅದನ್ನೇ. ಆರೆಂಟು ತಿಂಗಳು ಬಲಿತ ರೆಂಬೆ ಬೇಕು. ತುದಿಯ ಎಳೆ ಹಸಿರು ಬೇಡ, ಅದು ಕೊಳೆಯುತ್ತದೆ. ಬುಡದ ಮುದಿ ಭಾಗವೂ ಬೇಡ. ನಡುವಿನ ಪೆನ್ಸಿಲ್ ದಪ್ಪದ ಭಾಗವನ್ನು ಗೇಣಿಗಿಂತ ಕೊಂಚ ಗಿಡ್ಡವಾಗಿ, ಮೂರು ನಾಲ್ಕು ಕಣ್ಣಿರುವಂತೆ ಕತ್ತರಿಸಬೇಕು. ಕತ್ತಿ ಹರಿತವಾಗಿರಬೇಕು, ಸಿಪ್ಪೆ ಸೀಳಿದರೆ ಬೇರು ಬಿಡುವುದು ಕಷ್ಟ. ಬೇರು ಹೊರಡುವುದು ಕಣ್ಣಿನ ಆಸುಪಾಸಿನಲ್ಲಿ ಮತ್ತು ಕೊಯ್ದ ಬುಡದಲ್ಲಿ. ಮಾಗಡಿಯ ಮಳೆ ನಂಬಿದ ಹೊಲದಲ್ಲಿ ಮೂರಡಿಗೊಂದು ಗುಣಿ ತೋಡಿ, ಗೊಬ್ಬರ ತುಂಬಿ, ಗುಣಿಗೆ ಮೂರು ಕಡ್ಡಿಯಂತೆ ಮುಂಗಾರಿನಲ್ಲಿ ನೇರ ನೆಡುತ್ತಿದ್ದರು. ಒಂದು ಕಣ್ಣು ಮಾತ್ರ ಮಣ್ಣಿನ ಮೇಲೆ. ಮೊದಲು ಚಿಗುರುತ್ತದೆ, ಬೇರು ಆಮೇಲೆ. ಕಡ್ಡಿ ತನ್ನೊಳಗಿನ ಗಂಜಿ ಕುಡಿದೇ ಚಿಗುರು ತೋರಿಸುತ್ತದೆ. ಹೊಸಬರು ಆ ಹಸಿರು ನೋಡಿ ಹಿಗ್ಗಿ ನೀರು ಬಿಡುವುದನ್ನು ಮರೆಯುತ್ತಾರೆ, ವಾರದಲ್ಲಿ ಒಣಗುತ್ತದೆ. ಉಳಿದದ್ದಕ್ಕೆ ಗೆದ್ದಲು ಕಾದಿರುತ್ತದೆ.

ಕಡ್ಡಿಗೆ ಯಾರೂ ದುಡ್ಡು ಕೇಳುತ್ತಿರಲಿಲ್ಲ. ತೋಟ ಕವಾತು ಮಾಡಿದ ದಿನ ನೆಂಟರು ಹೊರೆ ಕಟ್ಟಿಕೊಂಡು ಹೋಗಿ ನೆರಳಲ್ಲಿ ಒದ್ದೆ ಗೋಣಿ ಹೊದಿಸಿಡುತ್ತಿದ್ದರು.

ಬೀಜ ಬಿತ್ತಬಹುದಲ್ಲ ಅಂತ ಪೇಟೆಯವರು ಕೇಳುತ್ತಾರೆ. ಬಿತ್ತಬಹುದು. ಆದರೆ ಹಿಪ್ಪುನೇರಳೆಗೆ ಗಾಳಿಯಲ್ಲಿ ಯಾವ ಗಂಡುಹೂವಿನ ಪರಾಗ ತಾಗಿತೋ ಬಲ್ಲವರಿಲ್ಲ. ಒಂದೇ ತಾಯಿಯ ಬೀಜದಲ್ಲಿ ಒಂದು ಸಸಿಯ ಹಾಗೆ ಇನ್ನೊಂದಿರುವುದಿಲ್ಲ. ರೈತನಿಗೆ ಅದು ತಲೆನೋವು. ಆದರೆ ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಸರ್ಕಾರಿ ರೇಷ್ಮೆ ಫಾರಂನವರಿಗೆ ಬೇಕಾಗಿದ್ದದ್ದೇ ಆ ಬೆರಕೆ. ಮೈಸೂರು ಲೋಕಲ್‌ನ ಬೀಜದ ಸಸಿಗಳನ್ನು ಬೆಳೆಸಿ, ಎಲೆ ಅಗಲ, ಇಳುವರಿ, ಬೇರು ಹಿಡಿಯುವ ಗುಣ ನೋಡಿ ಒಂದನ್ನು ಆರಿಸಿದರು. ಅದೇ ಕಣ್ವ-2. ಎಂ-5 ಎಂದೂ ಕರೆಯುತ್ತಾರೆ. ಅಲ್ಲಿಂದ ಮುಂದೆ ಬೀಜದ ಮಾತಿಲ್ಲ, ಬರೀ ಕಡ್ಡಿ. ಹಾಗಾಗಿ ಈ ಸೀಮೆಯ ತಾಲ್ಲೂಕುಗಳಲ್ಲಿ, ಆಚೆ ಆಂಧ್ರ, ತಮಿಳುನಾಡಿನಲ್ಲಿ ಬೆಳೆದ ಎಂ-5 ತೋಟವೆಲ್ಲ ಕಣ್ವದ ಆ ಒಂದೇ ಗಿಡದ ರೆಂಬೆ. ಸತ್ತರೂ ಸಾಯದ ಗಿಡ ಅಂತ ನಮ್ಮಪ್ಪ ನಗುತ್ತಿದ್ದರು. ಕಣ್ವ ಅಂದರೆ ಜನ ಜಲಾಶಯ ನೋಡಿ ಮೀನು ತಿಂದು ಬರುತ್ತಾರೆ. ನನ್ನ ಲೆಕ್ಕದಲ್ಲಿ ಆ ಊರಿನ ದೊಡ್ಡ ಕಾಣಿಕೆ ಈ ಗಿಡ.

1997ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಬಂತು, ಎಸ್-30 ಮತ್ತು ಬೆರ್ ಸಿ-776ರ ಸಂಕರ. ನೀರು, ಗೊಬ್ಬರ ಕೊಟ್ಟರೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ ಸೊಪ್ಪು. ಎಂ-5ರದ್ದು ಸುಮಾರು ಅದರ ಅರ್ಧ. ಬಿಳಿ ಗೂಡಿನ ದ್ವಿತಳಿ ಹುಳಕ್ಕೆ ಅಂಥ ಮೆತ್ತನೆ ಸೊಪ್ಪೇ ಬೇಕು. ಬೋರ್‌ವೆಲ್ ಇದ್ದವರು ಹಳೆ ತೋಟ ಕಿತ್ತರು, ಕಡ್ಡಿ ಹೊರೆ ಹೋಗಿ ಸಸಿ ಲೆಕ್ಕ ಬಂತು, ನನ್ನಂಥವರಿಗೆ ಕಸುಬಾಯಿತು. ಮಡಿಯಲ್ಲಿ ಮೂರು ನಾಲ್ಕು ತಿಂಗಳು ಸಾಕಿ ಬೇರುಸಹಿತ ಕಿತ್ತು ಕೊಡುತ್ತೇನೆ. ಆದರೂ ಮಳೆ ನಂಬಿದ ಹೊಲಕ್ಕೆ ವಿ-1 ಕೇಳಿ ಬಂದವರಿಗೆ ಬೇಡ ಅಂತಲೇ ಹೇಳುವುದು. ಮೈಸೂರು ತಳಿ ಹುಳದ ಬಿತ್ತನೆ ಗೂಡು ಬೆಳೆಯುವ ಮಾಗಡಿ ಕಡೆಯ ಹಳಬರಿಗೆ ಇದನ್ನು ಹೇಳಿಕೊಡಬೇಕಿಲ್ಲ.

2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದು, ತೋಟ ಕಿತ್ತು ಸೌದೆಗೆ ಹಾಕಿದವರಿದ್ದಾರೆ. ಬೆಲೆ ಚೇತರಿಸಿದಾಗ ಅವರಲ್ಲೇ ಕೆಲವರು ಸಸಿಗೆ ಬಂದರು. ಈಗ ಕೇಳುವುದು ಮರಗಡ್ಡಿ: ದೂರ ದೂರ ನೆಟ್ಟು, ಒಂದೇ ಕಾಂಡ ಬಿಟ್ಟು, ಎದೆಮಟ್ಟದಲ್ಲಿ ಸೊಪ್ಪು ಕೊಯ್ಯುವ ತೋಟ. ಕೂಲಿ ಕಡಿಮೆ, ಬಗ್ಗುವುದು ಬೇಡ. ಅದಕ್ಕೆ ನೆಟ್ಟಗೆ ಎತ್ತರ ಬೆಳೆದ ಸಸಿಯೇ ಬೇಕು. ಮಡಿ ಇನ್ನಷ್ಟು ತಿಂಗಳು ಖಾಲಿಯಾಗುವುದಿಲ್ಲ, ಹಾಗಾಗಿ ರೇಟೂ ಜಾಸ್ತಿ.