ಮುಂಗೈ ಗಡಿಯಾರದ ಪರಾಧೀನತೆ: ಎಚ್. ಎಂ. ಟಿ.ಯಿಂದ ಸ್ಮಾರ್ಟ್‌ವಾಚಿನವರೆಗೆ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಾವ ಯಂತ್ರ ಯಾವ ವರ್ಷದಲ್ಲಿ ಹುಟ್ಟಿತು, ಹಿಂದಿನದಕ್ಕಿಂತ ಏನನ್ನು ಹೆಚ್ಚಾಗಿ ಮಾಡಿತು ಎಂಬುದನ್ನೇ ಲೆಕ್ಕಹಾಕುವರು. ಈ ಕ್ರಮದಲ್ಲಿ ನೋಡಿದರೆ ಕೈಗಡಿಯಾರದ ಚರಿತ್ರೆ ಎಡೆಬಿಡದ ಏಳಿಗೆಯ ಕಥೆಯಾಗಿ ತೋರುವುದು. ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದುಂಟು. ಆ ಯಂತ್ರ ನಡೆಯಬೇಕಾದರೆ ಅದನ್ನು ಕಟ್ಟಿಕೊಂಡವನು ಯಾರ ಯಾರ ಹಂಗಿನಲ್ಲಿರಬೇಕು? ಈ ಎರಡನೆಯ ಪ್ರಶ್ನೆಯನ್ನು ಹಿಡಿದು, ಸ್ಮಾರ್ಟ್‌ವಾಚು ಎಂದು ನಾವು ಈಗ ಕರೆಯುವ ಗಡಿಯಾರದ ಮೊದಲ ದಿನಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪರಿಶೀಲನೆಗೆ ೨೦೧೬ನೆಯ ಇಸವಿಯ ಜನವರಿ ತಿಂಗಳು ಒಳ್ಳೆಯ ನಿಲುಗಡೆ. ಆ ತಿಂಗಳಿನಲ್ಲಿಯೇ ಕೇಂದ್ರ ಸಚಿವ ಸಂಪುಟವು ಎಚ್. ಎಂ. ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯನ್ನಿತ್ತಿತು; ಅದೇ ತಿಂಗಳಿನಲ್ಲಿ ಟೈಟನ್ ಸಂಸ್ಥೆಯವರು ಎಚ್. ಪಿ. ಸಂಸ್ಥೆಯೊಡನೆ ಸೇರಿ ‘ಜಕ್ಸ್ಟ್’ ಎಂಬ ತಮ್ಮ ಮೊದಲ ಸ್ಮಾರ್ಟ್‌ವಾಚನ್ನು ಹೊರತಂದರು. ಎರಡು ಸಂಸ್ಥೆಗಳೂ ನಮ್ಮ ನೆಲಕ್ಕೆ ಸೇರಿದವು. ಎಚ್. ಎಂ. ಟಿ.ಯು ಜಾಲಹಳ್ಳಿಯಲ್ಲಿ ಹುಟ್ಟಿದುದು. ಟೈಟನ್ನಿನ ಕಾರ್ಖಾನೆ ಕನ್ನಡಿಗರೂ ನೆಲಸಿರುವ ಹೊಸೂರಿನಲ್ಲಿರುವುದು, ಅದರ ಆಡಳಿತ ಬೆಂಗಳೂರಿನಲ್ಲಿ ನಡೆಯುವುದು. ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದ ಆ ತಿಂಗಳಿನಲ್ಲಿ ನಾವು ಪಡೆದುದೇನು, ಕಳೆದುಕೊಂಡುದೇನು ಎಂಬುದು ವಿಚಾರಕ್ಕೆ ತಕ್ಕ ವಿಷಯ.

ಇದನ್ನು ಬೆಂಗಳೂರಿನ ಅಂಗಡಿಬೀದಿಯಲ್ಲಿ ನಿಂತು ನೋಡುವುದಕ್ಕಿಂತ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಂತಹ ಹೋಬಳಿಯ ಊರಿನಿಂದ ನೋಡಿದರೆ ವಿಷಯ ಹೆಚ್ಚು ತಿಳಿಯಾಗುವುದು. ಇತ್ತ ಜಿಲ್ಲೆಯ ಮುಖ್ಯಪಟ್ಟಣವಾದ ತುಮಕೂರಿನಲ್ಲಿಯೇ ೧೯೭೮ರಿಂದ ಗಡಿಯಾರದ ಕಾರ್ಖಾನೆಯಿದ್ದಿತು. ಅತ್ತ ಹಿಂದೂಪುರದ ದಾರಿ, ಆಂಧ್ರದ ಗಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಳೆ ಕಡಮೆಯಾದ ಈ ಸೀಮೆಯಲ್ಲಿ ಒಂದು ಪದಾರ್ಥವನ್ನು ಕೊಳ್ಳುವಾಗ ಜನರು ಮೊದಲು ಕೇಳುವುದು ‘ಎಷ್ಟು ದಿನ ಬಾಳುತ್ತದೆ?’ ಎಂಬ ಮಾತನ್ನು.

೨

ಹಿಂದೆ ನಮ್ಮ ನಾಡಿನಲ್ಲಿ ಕಾಲವು ಕಿವಿಯಿಂದ ಬರುತ್ತಿದ್ದಿತು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಘಳಿಗೆ, ಅಂದರೆ ಈಗಿನ ೨೪ ನಿಮಿಷ. ಅಂತಹ ೬೦ ಘಳಿಗೆಗಳು ಸೇರಿ ಒಂದು ದಿನ. ಏಳೂವರೆ ಘಳಿಗೆ ಒಂದು ಜಾವ. ಗಡಿಯಾರವೆಂಬ ನಮ್ಮ ಮಾತೂ ‘ಘಟಿ’ ಶಬ್ದದ ಬಳಗಕ್ಕೆ ಸೇರಿದುದು. ಒಂದು ಬಟ್ಟಲು, ಅದನ್ನು ಕಾಯುವವನೊಬ್ಬ, ಬಾರಿಸಲು ಒಂದು ಜಾಗಟೆ. ಇಷ್ಟರಿಂದ ಊರಿಗೆಲ್ಲ ಕಾಲ ದೊರೆಯುತ್ತಿದ್ದಿತು. ಕಾಲವು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ.

ಕೈಗಡಿಯಾರವು ಇದನ್ನು ತಲೆಕೆಳಗು ಮಾಡಿತು. ಕಾಲವು ಒಬ್ಬೊಬ್ಬನ ಮುಂಗೈಗೂ ಬಂದು ಅವನವನ ಸ್ವಂತದ್ದಾಯಿತು. ಭಾರತದಲ್ಲಿ ಈ ಬದಲಾವಣೆಯನ್ನು ಸಾಮಾನ್ಯರ ಮನೆಯವರೆಗೆ ಮುಟ್ಟಿಸಿದ ಕೀರ್ತಿ ಬಹುಮಟ್ಟಿಗೆ ಎಚ್. ಎಂ. ಟಿ.ಗೆ ಸಲ್ಲುವುದು. ೧೯೫೩ರಲ್ಲಿ ಯಂತ್ರೋಪಕರಣಗಳಿಗಾಗಿ ಸ್ಥಾಪಿತವಾದ ಈ ಸಂಸ್ಥೆ ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ‘ಜನತಾ’ ಎಂಬ ಮಾದರಿಯ ಹೆಸರೇ ಅದರ ಧ್ಯೇಯವನ್ನು ಹೇಳುವಂತಿದೆ. ೧೭ ಹರಳುಗಳ ಆ ಯಂತ್ರಕ್ಕೆ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಮದುವೆಯ ಗಂಡಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ನಿವೃತ್ತನಾಗುವ ಉಪಾಧ್ಯಾಯನಿಗೆ ಕೊಡತಕ್ಕ ಉಡುಗೊರೆಯೆಂದರೆ ವಾಚು ಎಂಬ ವಾಡಿಕೆ ಹಳ್ಳಿಗಳಲ್ಲಿಯೂ ಬೇರೂರಿತು. ಕುರುಡರು ಮುಳ್ಳನ್ನು ಮುಟ್ಟಿ ಹೊತ್ತನ್ನರಿಯುವಂತೆ ಬ್ರೈಲ್ ಗಡಿಯಾರವನ್ನೂ ಈ ಸಂಸ್ಥೆ ಮಾಡಿತೆಂಬುದನ್ನು ಮರೆಯಲಾಗದು.

೧೯೮೪ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ನನ್ನು ಸ್ಥಾಪಿಸಿದುವು. ಈ ಸಂಸ್ಥೆ ಕೀಲಿಯ ಗಡಿಯಾರವನ್ನು ಬಿಟ್ಟು ಕ್ವಾರ್ಟ್ಸ್ ಗಡಿಯಾರವನ್ನು ನೆಚ್ಚಿತು. ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಹರಳೊಂದು ಕಾಲವನ್ನು ಅಳೆಯುವುದು. ಗುಂಡಿಯಷ್ಟು ಸಣ್ಣ ವಿದ್ಯುತ್ಕೋಶವೊಂದು ಅದನ್ನು ಎರಡು ಮೂರು ವರ್ಷ ನಡೆಸುವುದು. ಕೀಲಿ ಕೊಡುವ ಕೆಲಸವೇ ತಪ್ಪಿತು. ಈ ಸ್ಪರ್ಧೆಯನ್ನು ಎಚ್. ಎಂ. ಟಿ.ಯು ತಾಳಲಾರದೆ ಹೋಯಿತು. ಆದರೂ ಎರಡು ಗಡಿಯಾರಗಳಿಗೂ ಸಮಾನವಾದ ಗುಣವೊಂದಿದ್ದಿತು. ಒಮ್ಮೆ ಕೊಂಡಮೇಲೆ ಅವು ತಮ್ಮ ತಯಾರಕನನ್ನು ಮತ್ತೆ ಏನನ್ನೂ ಕೇಳುತ್ತಿರಲಿಲ್ಲ.

೩

ಗಡಿಯಾರವು ಕಾಲವನ್ನಲ್ಲದೆ ಇತರ ಸಮಾಚಾರವನ್ನೂ ತಿಳಿಸಬೇಕೆಂಬ ಆಸೆ ಹೊಸದಲ್ಲ. ೧೯೪೬ರಲ್ಲಿಯೇ ಅಮೆರಿಕದ ‘ಡಿಕ್ ಟ್ರೇಸಿ’ ಎಂಬ ಚಿತ್ರಕಥೆಯ ಪತ್ತೇದಾರನು ಮುಂಗೈಯಲ್ಲಿ ರೇಡಿಯೋವನ್ನು ಕಟ್ಟಿಕೊಂಡು ಮಾತನಾಡಿದನು. ೧೯೭೨ರಲ್ಲಿ ಹ್ಯಾಮಿಲ್ಟನ್ ಸಂಸ್ಥೆಯ ‘ಪಲ್ಸರ್’ ಮುಳ್ಳುಗಳನ್ನು ತೊರೆದು ಕೆಂಪು ಅಂಕಿಗಳನ್ನು ಬೆಳಗಿಸಿತು. ಅದರ ಬೆಲೆ ೨,೧೦೦ ಡಾಲರು. ಅಷ್ಟು ಬೆಲೆಬಾಳಿದರೂ ವಿದ್ಯುತ್ತು ಬೇಗ ಮುಗಿದುಹೋಗಬಾರದೆಂದು ಗುಂಡಿಯನ್ನೊತ್ತಿದಾಗ ಮಾತ್ರ ಹೊತ್ತನ್ನು ತೋರಿಸುತ್ತಿದ್ದಿತು. ಮುಂದೆ ಬಂದ ಎಲ್ಲ ತೊಡಕುಗಳ ಬೀಜವನ್ನು ಇಲ್ಲಿಯೇ ಕಾಣಬಹುದು.

೧೯೮೩ರ ಸೈಕೋ ‘ಡೇಟಾ ೨೦೦೦’ ಎಂಬುದು ಹೆಸರಿಗೆ ತಕ್ಕಂತೆ ೨,೦೦೦ ಅಕ್ಷರಗಳನ್ನು ನೆನಪಿನಲ್ಲಿಡುತ್ತಿದ್ದಿತು. ಆದರೆ ಆ ಅಕ್ಷರಗಳನ್ನು ತುಂಬಲು ಬೇರೊಂದು ಕೀಲಿಮಣೆ ಬೇಕು. ೧೯೯೪ರಲ್ಲಿ ಟೈಮೆಕ್ಸ್ ಸಂಸ್ಥೆ ಮೈಕ್ರೋಸಾಫ್ಟಿನೊಡನೆ ಸೇರಿ ಮಾಡಿದ ‘ಡೇಟಾಲಿಂಕ್’ ಗಣಕದ ತೆರೆಯ ಮೇಲೆ ಮಿನುಗುವ ಗೆರೆಗಳನ್ನು ಕಣ್ಣಿನಂತೆ ಓದಿಕೊಳ್ಳುತ್ತಿದ್ದಿತು; ಹಳೆಯ ಗಾಜಿನ ಕೊಳವೆಯ ತೆರೆಗಳು ಹೋಗಿ ಚಪ್ಪಟೆಯ ತೆರೆಗಳು ಬಂದೊಡನೆ ಆ ಉಪಾಯ ನಿಷ್ಫಲವಾಯಿತು. ೨೦೦೦ದಲ್ಲಿ ಐ. ಬಿ. ಎಂ. ಸಂಶೋಧಕರು ಲಿನಕ್ಸ್ ನಡೆಯುವ ಗಡಿಯಾರವನ್ನು ತೋರಿಸಿದರು. ಮರುವರ್ಷ ಆ ಕೆಲಸದಲ್ಲಿ ಅವರೊಡನೆ ಸೇರಿದವರು ಸಿಟಿಜನ್ ಸಂಸ್ಥೆಯವರು. ನಾಲ್ವತ್ತು ವರ್ಷಗಳ ಹಿಂದೆ ಜಾಲಹಳ್ಳಿಗೆ ಗಡಿಯಾರದ ವಿದ್ಯೆಯನ್ನು ತಂದ ಸಂಸ್ಥೆಯೇ ಇದು. ೨೦೦೪ರಲ್ಲಿ ಮೈಕ್ರೋಸಾಫ್ಟಿನ ‘ಸ್ಪಾಟ್’ ಗಡಿಯಾರಗಳು ಎಫ್. ಎಂ. ರೇಡಿಯೋ ಅಲೆಗಳ ಮೂಲಕ ಹವಾಮಾನವನ್ನೂ ಸುದ್ದಿಯನ್ನೂ ಪಡೆದುವು. ಇದಕ್ಕೆ ವರ್ಷವರ್ಷವೂ ಚಂದಾ ತೆರಬೇಕಾಗಿದ್ದಿತು. ೨೦೧೧ರ ಕೊನೆಗೆ ಆ ಪ್ರಸಾರ ನಿಂತುಹೋಯಿತು.

ಈ ಪ್ರಯತ್ನಗಳೆಲ್ಲ ಸೋತುದನ್ನು ಕಂಡವರಿಗೆ ೨೦೧೨ರ ‘ಪೆಬಲ್’ ಆಶ್ಚರ್ಯವನ್ನುಂಟುಮಾಡಿತು. ಒಂದು ಲಕ್ಷ ಡಾಲರುಗಳನ್ನು ಬೇಡಿದ ಅದರ ತಯಾರಕರಿಗೆ ೬೮,೯೨೯ ಮಂದಿ ಒಂದು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಮುಂಗಡವಾಗಿ ಕೊಟ್ಟರು. ಜನರು ಇಷ್ಟೊಂದು ಮರುಳಾದುದೇಕೆ? ಅಷ್ಟರಲ್ಲಿ ಫೋನು ಎಲ್ಲರ ಜೇಬನ್ನೂ ಸೇರಿದ್ದಿತು. ಗಡಿಯಾರವು ತಾನೇ ಗಣಕವಾಗಬೇಕಾದ ಕಷ್ಟ ತಪ್ಪಿ, ಫೋನಿನ ವಾರ್ತೆಯನ್ನು ಮುಂಗೈಗೆ ತಲುಪಿಸುವ ದೂತನಾದರೆ ಸಾಕಾಗಿದ್ದಿತು. ನಾಲ್ಕು ಜನರ ನಡುವೆ ಜೇಬಿಗೆ ಕೈಹಾಕದೆ ಕರೆದವರಾರೆಂದು ತಿಳಿಯಬಹುದು. ಗಾಡಿ ನಡೆಸುವವನು ಹ್ಯಾಂಡಲಿನಿಂದ ಕೈತೆಗೆಯಬೇಕಾಗಿಲ್ಲ. ಕಿವುಡನಾದವನಿಗೆ ಕರೆಗಂಟೆಯು ಚರ್ಮದ ಮೇಲೆ ನಡುಕವಾಗಿ ಬರುವುದು. ೨೦೧೫ರ ನವೆಂಬರಿನಲ್ಲಿ ಭಾರತಕ್ಕೆ ಬಂದ ಆ್ಯಪಲ್ ಗಡಿಯಾರವು ನಾಡಿಯ ಬಡಿತವನ್ನೂ ಎಣಿಸಿತು. ಇವುಗಳನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

೪

ಇನ್ನು ಇವುಗಳ ಮಿತಿಯನ್ನು ವಿಚಾರಮಾಡೋಣ. ಶಕ್ತಿ, ಅಕ್ಷರ, ಆಯುಸ್ಸು ಎಂದು ಇದನ್ನು ಮೂರಾಗಿ ವಿಭಾಗಿಸಬಹುದು.

ಮೊದಲನೆಯದು ಶಕ್ತಿ. ಕ್ವಾರ್ಟ್ಸ್ ಗಡಿಯಾರಕ್ಕೆ ಒಂದು ಕೋಶ ವರ್ಷಗಟ್ಟಲೆ ಸಾಕು. ಹೊರಗಿನ ಬೆಳಕನ್ನೇ ಪ್ರತಿಫಲಿಸುವ ತೆರೆಯುಳ್ಳ ಪೆಬಲ್ಲಿಗೆ ವಾರಕ್ಕೊಮ್ಮೆ ವಿದ್ಯುತ್ತು ಬೇಕಾಯಿತು. ತನ್ನ ಬೆಳಕನ್ನು ತಾನೇ ಬೀರುವ ವರ್ಣದ ತೆರೆಯನ್ನು ಹೊತ್ತ ಮೊದಲ ಆ್ಯಪಲ್ ಗಡಿಯಾರಕ್ಕೆ ತಯಾರಕರೇ ಹೇಳಿದ ಅವಧಿ ೧೮ ಗಂಟೆ. ತೆರೆ, ರೇಡಿಯೋ, ಲೆಕ್ಕಹಾಕುವ ಮಿದುಳು ಈ ಮೂರೂ ಒಂದು ಕಿರುಕೋಶವನ್ನು ಹಂಚಿಕೊಂಡು ಉಣ್ಣಬೇಕಾದುದೇ ಇದಕ್ಕೆ ಕಾರಣ. ಕೀಲಿ ಕೊಡುವ ಗಡಿಯಾರಕ್ಕೂ ದಿನವೂ ಉಪಚಾರ ಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಬೇಕು, ಆದರೆ ಆ ಉಪಚಾರವನ್ನು ಮಾಡುವುದು ಕಟ್ಟಿದವನ ಎರಡು ಬೆರಳು. ಇಲ್ಲಿಯಾದರೋ ಗೋಡೆಯ ತಂತಿಯೂ, ಅದೇ ಅಳತೆಯ ಚಾರ್ಜರೂ ಇರಲೇಬೇಕು. ಅದರ ಮೇಲೆ ಫೋನೂ ಬೇಕು, ಫೋನಿಗೆ ಅಂತರ್ಜಾಲವೂ ಬೇಕು. ಅಂತು ಗಡಿಯಾರವೊಂದನ್ನು ಕೊಂಡವನು ಹಂಗುಗಳ ಸರಪಳಿಯೊಂದನ್ನೇ ಕೊಂಡಂತಾಯಿತು.

ಎರಡನೆಯದು ಅಕ್ಷರ. ಭಾಷಾಭಿಮಾನಿಗಳು ವಿಶೇಷವಾಗಿ ಗಮನಿಸಬೇಕಾದ ಭಾಗವಿದು. ರೋಮನ್ ಅಕ್ಷರವನ್ನು ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕೆಗಳಲ್ಲಿ ತೋರಿಸಬಹುದು. ಕನ್ನಡದ ಅಕ್ಷರಕ್ಕೆ ಮೇಲೆ ತಲೆಕಟ್ಟು ಗುಡಿಸುಗಳು, ನಡುವೆ ಮೈ, ಕೆಳಗೆ ಒತ್ತು. ಹೀಗೆ ಮೂರು ನೆಲೆಗಳು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಐದೇಳರ ಮನೆಯಲ್ಲಿ ಬರೆಯಹೊರಟರೆ ಈ ಮಾತಿನ ನಿಜ ತಿಳಿಯುವುದು. ಆದುದರಿಂದ ೧೯೮೩ರ ಗಡಿಯಾರ ಕನ್ನಡವನ್ನು ಅರಿಯದಿದ್ದುದು ಯಂತ್ರದ ದೋಷವೆನ್ನೋಣ. ಆದರೆ ಪೆಬಲ್ಲಿನ ತೆರೆಯಲ್ಲಿ ಅಡ್ಡಕ್ಕೆ ೧೪೪, ಉದ್ದಕ್ಕೆ ೧೬೮ ಚುಕ್ಕೆಗಳಿದ್ದುವು. ಕನ್ನಡದ ಕೆಲವು ಸಾಲುಗಳಿಗೆ ಅದು ಧಾರಾಳವಾದ ಜಾಗ. ಐ. ಬಿ. ಎಂ. ಗಡಿಯಾರದ ಒಂದು ಮಾದರಿಯಲ್ಲಂತೂ ೨೦೦೦ದ ಹೊತ್ತಿಗೇ ೬೪೦ಕ್ಕೆ ೪೮೦ ಚುಕ್ಕೆಗಳ ತೆರೆಯಿದ್ದಿತು. ಕನ್ನಡ ಲಿಪಿ ೧೯೯೧ರಲ್ಲಿಯೇ ಯೂನಿಕೋಡಿನೊಳಗೆ ಸೇರಿದ್ದಿತು. ೨೦೧೨ರ ಆಂಡ್ರಾಯ್ಡ್ ಫೋನು ಕನ್ನಡವನ್ನು ತೋರಿಸುತ್ತಲೂ ಇದ್ದಿತು. ಹೀಗಿದ್ದೂ ಕನ್ನಡದಲ್ಲಿ ಓಲೆ ಬಂದರೆ ಜೇಬಿನ ಫೋನು ಅದನ್ನು ಚೆನ್ನಾಗಿ ತೋರಿಸುವುದು, ಮುಂಗೈಯ ಪೆಬಲ್ಲು ನಡುಗಿ ಎಚ್ಚರಿಸಿ ಬರಿಯ ಖಾಲಿ ಚೌಕಗಳನ್ನು ತೋರಿಸುವುದು! ಜಾಗವಿದ್ದಿತು, ಲಿಪಿಸಂಕೇತವಿದ್ದಿತು, ಕಾಗುಣಿತ ಒತ್ತುಗಳನ್ನು ಜೋಡಿಸುವ ಶ್ರಮವನ್ನು ಮಾತ್ರ ಯಾರೂ ವಹಿಸಿರಲಿಲ್ಲ. ಇದು ಯಂತ್ರದ ಮಿತಿಯಲ್ಲ, ಗಮನದ ಮಿತಿ. ಮುಳ್ಳಿನ ಗಡಿಯಾರಕ್ಕೆ ಭಾಷೆಯಿರಲಿಲ್ಲವಾದುದರಿಂದ ಅದು ಕೊಡಿಗೇನಹಳ್ಳಿಯ ಓದುಬಾರದ ರೈತನಿಗೂ ಸಮಾನವಾಗಿ ಸಲ್ಲುತ್ತಿದ್ದಿತು. ಗಡಿಯಾರಕ್ಕೆ ಮಾತು ಬಂದ ದಿನವೇ ಅದು ಯಾರ ಮಾತನ್ನಾಡಬೇಕೆಂಬ ಪ್ರಶ್ನೆಯೂ ಹುಟ್ಟಿತು.

ಮೂರನೆಯದು ಆಯುಸ್ಸು. ಎಚ್. ಎಂ. ಟಿ.ಯು ಮುಚ್ಚಿತು, ತುಮಕೂರಿನ ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಗೆ ಸೇರಿತು. ಆದರೆ ಆ ಕಾರ್ಖಾನೆಯ ಗಡಿಯಾರಗಳು ಆ ದಿನ ನಿಲ್ಲಲಿಲ್ಲ. ತಾಲ್ಲೂಕಿನ ಪೇಟೆಯಲ್ಲಿ ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಕುಳಿತ ರಿಪೇರಿಯವನು ಅದರ ಬೆನ್ನನ್ನು ಬಿಚ್ಚಿ, ಚಕ್ರಗಳನ್ನು ತೊಳೆದು, ಎಣ್ಣೆಹಾಕಿ ಮತ್ತೆ ನಡೆಸಬಲ್ಲನು. ತಯಾರಕನು ಅಳಿದರೂ ವಿದ್ಯೆ ಊರಿನಲ್ಲಿ ಉಳಿಯಿತು. ಪೆಬಲ್ಲಿನ ಗತಿ ಬೇರೆ. ೨೦೧೬ರ ಡಿಸೆಂಬರಿನಲ್ಲಿ ಅದರ ಸ್ವತ್ತನ್ನು ಫಿಟ್‌ಬಿಟ್ ಸಂಸ್ಥೆ ಕೊಂಡಿತು. ೨೦೧೮ರ ಜೂನಿನಲ್ಲಿ ಅದರ ಸೇವೆಗಳು ನಿಂತುವು. ಯಾವ ಚಕ್ರವೂ ಸವೆಯದೆ, ಯಾವ ಹರಳೂ ಒಡೆಯದೆ, ಚೆನ್ನಾಗಿದ್ದ ಗಡಿಯಾರಗಳು ಅರೆಜೀವವಾದುವು. ಅವನ್ನು ಬಳಸುತ್ತಿದ್ದವರೇ ‘ರೀಬಲ್’ ಎಂಬ ಹೆಸರಿನಲ್ಲಿ ಕೂಡಿ ಆ ಸೇವೆಗಳಿಗೆ ಬದಲಿಯನ್ನು ಏರ್ಪಡಿಸಿಕೊಂಡರು. ೨೦೨೫ರ ಜನವರಿಯಲ್ಲಿ, ಫಿಟ್‌ಬಿಟ್ಟನ್ನು ಕೊಂಡಿದ್ದ ಗೂಗಲ್ ಸಂಸ್ಥೆ, ಪೆಬಲ್ಲಿನ ತಂತ್ರಾಂಶದ ಬಹುಭಾಗವನ್ನು ಎಲ್ಲರಿಗೂ ತೆರೆದಿಟ್ಟಿತು. ಬೆನ್ನುಮುಚ್ಚಳ ಬಿಚ್ಚಿದುದು ಆಗ ಎನ್ನಬಹುದು.

೫

ಜಕ್ಸ್ಟ್ ಈ ಎರಡು ಲೋಕಗಳ ನಡುವೆ ನಿಂತ ಕೃತಿ. ಅದರ ಮುಖದಲ್ಲಿ ಮುಳ್ಳುಗಳಿದ್ದುವು. ಕೆಳಗಡೆ ವಾರ್ತೆಗಾಗಿ ಒಂದು ಕಿರುತೆರೆ. ಗಡಿಯಾರವು ಮೊದಲು ಗಡಿಯಾರವಾಗಿರಬೇಕು, ದೂತನ ಕೆಲಸ ಆಮೇಲಿನದು ಎಂಬ ವಿವೇಕ ಆ ರಚನೆಯಲ್ಲಿ ಕಾಣುವುದು. ಸ್ಮಾರ್ಟ್‌ವಾಚುಗಳ ಪ್ರವಾಹ ಆ ದಾರಿಯನ್ನು ಹಿಡಿಯಲಿಲ್ಲ. ಆದರೆ ದಾರಿ ತಪ್ಪಾಗಿದ್ದಿತೆಂದು ಇದರಿಂದ ಸಿದ್ಧವಾಗುವುದಿಲ್ಲ.

ಇಷ್ಟರಿಂದ ಒಂದು ಅಂಶ ಸ್ಪಷ್ಟವಾಗುವುದು. ಘಳಿಗೆಬಟ್ಟಲಿನ ಕಾಲ ಊರಿನದು. ಜನತಾ ಗಡಿಯಾರದ ಕಾಲ ಕಟ್ಟಿದವನದು. ಸ್ಮಾರ್ಟ್‌ವಾಚಿನಲ್ಲಿ ಕಾಲವು ಮತ್ತೆ ಹೊರಗಿನಿಂದ ಬರತೊಡಗಿತು. ಆದರೆ ಬಟ್ಟಲನ್ನು ಕಾಯುವವನು ಊರಿನವನಾಗಿದ್ದನು, ಅವನು ತೂಕಡಿಸಿದರೆ ಊರು ಎಬ್ಬಿಸಬಹುದಾಗಿದ್ದಿತು. ಈಗಿನ ಕಾವಲುಗಾರನು ನಮಗೆ ಕಾಣದ ದೂರದಲ್ಲಿರುವನು. ಅವನು ಮಲಗಿದರೆ ಎಬ್ಬಿಸುವ ಮಾರ್ಗ ನಮ್ಮ ಕೈಯಲ್ಲಿಲ್ಲ. ಆದುದರಿಂದ ಹೊಸ ಯಂತ್ರವೊಂದು ಬಂದಾಗ ಅದು ಏನೇನು ಮಾಡಬಲ್ಲುದು ಎಂದು ಕೇಳಿದರೆ ಸಾಲದು. ಅದು ನಮ್ಮ ಅಕ್ಷರವನ್ನು ಬಲ್ಲುದೆ, ನಮ್ಮ ಪೇಟೆಯ ರಿಪೇರಿಯವನಿಗೆ ಅದರ ಬೆನ್ನು ಬಿಚ್ಚುವುದೆ, ಮಾಡಿದವನು ಅಳಿದಮೇಲೂ ಅದು ನಡೆಯುವುದೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಮೊದಲ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ತಯಾರಕರದು ಮಾತ್ರವಲ್ಲ, ಕನ್ನಡವನ್ನು ಓದಿಸುವ ಬರೆಸುವ ನಮ್ಮದೂ ಆಗಿದೆ.