ಕೈಬಣ್ಣದ ಸಸ್ಯಚಿತ್ರಗಳ ಕಾಲನಿರ್ಣಯ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಚ್ಚಾದ ಸಸ್ಯಚಿತ್ರಗಳಲ್ಲಿ ಮುದ್ರಣಯಂತ್ರದ ಪಾಲು ಬಹುಮಟ್ಟಿಗೆ ರೇಖೆಗಳಿಗಷ್ಟೇ ಸೀಮಿತವಾಗಿತ್ತು. ಎಲೆಯ ಹಸಿರನ್ನೂ ದಳದ ಕೆಂಪನ್ನೂ ಬಣ್ಣಗಾರರು ಒಂದೊಂದು ಪ್ರತಿಯ ಮೇಲೂ ಕುಂಚದಿಂದ ಬೇರೆಬೇರೆಯಾಗಿ ಹಚ್ಚುತ್ತಿದ್ದರು. ವಿಲಿಯಂ ಕರ್ಟಿಸ್ 1787ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ‘ಬೊಟಾನಿಕಲ್ ಮ್ಯಾಗಜೀನ್’ ಈ ಕಸುಬನ್ನು ಬಹುಕಾಲ ಉಳಿಸಿಕೊಂಡ ಪತ್ರಿಕೆ. 1845ರಲ್ಲಿ ಅದು ತಾಮ್ರಫಲಕದ ಕೆತ್ತನೆಯನ್ನು ಬಿಟ್ಟು ಕಲ್ಲಚ್ಚಿಗೆ ಹೊರಳಿದರೂ, ಕೈಯಿಂದ ಬಣ್ಣ ಹಚ್ಚುವ ಪದ್ಧತಿ 1948ರವರೆಗೆ ನಡೆಯಿತು. ಚಿತ್ರ ಬರೆದ ಸಿಡೆನ್‌ಹ್ಯಾಮ್ ಎಡ್ವರ್ಡ್ಸ್, ವಾಲ್ಟರ್ ಹುಡ್ ಫಿಚ್ ಮೊದಲಾದವರ ಹೆಸರುಗಳು ಉಳಿದಿವೆ. ಬಣ್ಣಗಾರರ ಹೆಸರುಗಳು ಹಾಳೆಗಳ ಮೇಲೆ ಇಲ್ಲ. ವಿಲಿಯಂ ರಾಕ್ಸ್‌ಬರೋನ ಕೋರಮಂಡಲ ತೀರದ ಸಸ್ಯಗಳ ಗ್ರಂಥದಲ್ಲಿ, 1795ರಿಂದ ಮೂರು ಸಂಪುಟಗಳಾಗಿ ಹೊರಬಂದ ಆ 300 ಫಲಕಗಳಲ್ಲಿ, ಮರೆವು ಇನ್ನೂ ಆಳವಾದದ್ದು, ಏಕೆಂದರೆ ಮೂಲಚಿತ್ರಗಳನ್ನು ಬರೆದ ಭಾರತೀಯ ಕಲಾವಿದರೂ ಅಲ್ಲಿ ಅನಾಮಿಕರಾಗಿಯೇ ಉಳಿದಿದ್ದಾರೆ.

ಇಂಥ ಹಾಳೆಯ ಬೆಲೆ ಕಟ್ಟುವವರು ಮೊದಲು ಕೇಳಬೇಕಾದ ಪ್ರಶ್ನೆ ಬಣ್ಣ ಯಾವ ಕಾಲದ್ದು ಎಂಬುದೇ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ನ ಚಿತ್ರಗಳು ಬಣ್ಣವಿಲ್ಲದೆ ಅಚ್ಚಾದವು, ಆದ್ದರಿಂದ ಅದರ ಬಣ್ಣದ ಹಾಳೆಯೊಂದು ಮಾರಾಟಕ್ಕೆ ಬಂದರೆ ಆ ಬಣ್ಣ ಮುದ್ರಣದ ಬಳಿಕ ಸೇರಿದ್ದೆಂದು ತಿಳಿದೇ ಮುಂದುವರಿಯಬೇಕು. ಕಾಲ ಕಳೆದಂತೆ ಕಾಗದಕ್ಕೆ ಹಾಕಿದ ಅಂಟಿನ ಲೇಪ ಸೋಲುವುದರಿಂದ, ತಡವಾಗಿ ಹಚ್ಚಿದ ಬಣ್ಣ ಕೆಲವೊಮ್ಮೆ ಮೇಲ್ಮೈಯಲ್ಲಿ ನಿಲ್ಲದೆ ಒಳಗೆ ಇಳಿದು ಹಿಂಬದಿಗೆ ತೋರುತ್ತದೆ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕಿಗಳು ಕಂಡರೆ ಅದು ಆಧುನಿಕ ಯಂತ್ರಮುದ್ರಣ. ಕೈಬಣ್ಣವಾದರೆ ರೇಖೆಯನ್ನು ಅಲ್ಲಲ್ಲಿ ಮೀರಿ ಹರಿದಿರುತ್ತದೆ, ಕಡುಹಸಿರಿನ ಮೇಲೆ ಅರೇಬಿಕ್ ಗೋಂದಿನ ಹೊಳಪೂ ಇರಬಹುದು. ಕರ್ಟಿಸ್‌ನ ಫಲಕಗಳ ಅಡಿಯಲ್ಲಿ ಕೆತ್ತಿದ ವರ್ಷವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಹಳೆಯ ಫಲಕದಿಂದ ಮುಂದೆಂದಾದರೂ ಹೊಸ ಪ್ರತಿ ತೆಗೆಯಬಹುದಾಗಿತ್ತು. ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ತಯಾರಕರ ನೀರುಗುರುತಿನಲ್ಲಿ ಇಸವಿ ಇದ್ದರೆ, ಆ ಹಾಳೆ ಅದಕ್ಕಿಂತ ಮೊದಲು ಅಚ್ಚಾಗಿರಲಾರದು ಎಂಬುದಾದರೂ ಖಚಿತವಾಗುತ್ತದೆ.

ಸಂರಕ್ಷಣೆಯಲ್ಲಿಯೂ ತೊಡಕಾಗುವುದು ಬಣ್ಣಗಳೇ. ತಾಮ್ರದಿಂದ ಮಾಡಿದ ಹಸಿರು ಕ್ರಮೇಣ ಕಾಗದವನ್ನು ಕಂದಾಗಿಸಿ ಪುಡಿಪುಡಿಯಾಗಿಸುತ್ತದೆ, ಸೀಸದ ಬಿಳಿ ಗಾಳಿಯಲ್ಲಿನ ಗಂಧಕದಿಂದ ಕಪ್ಪಾಗುತ್ತದೆ, ಕೀಟದಿಂದ ತೆಗೆದ ಕಾರ್ಮೈನ್ ಕೆಂಪು ಬೆಳಕಿಗೆ ಮಾಸುತ್ತದೆ. ಕಲೆ ಹೋಗಲೆಂದು ಹಾಳೆಯನ್ನು ನೀರಿನಲ್ಲಿ ತೊಳೆಯುವುದು ಅಪಾಯಕರ, ಏಕೆಂದರೆ ಗೋಂದಿನಲ್ಲಿ ಕಲಸಿದ ಬಣ್ಣವೇ ನೀರಿನೊಡನೆ ಹೊರಟುಹೋಗಬಹುದು. ಆಮ್ಲರಹಿತ ಹತ್ತಿ ರಟ್ಟಿನ ಮೇಲೆ ಜಪಾನಿ ಕಾಗದದ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಜೋಡಿಸಿ ಹಾಳೆಯನ್ನು ನಿಲ್ಲಿಸುವುದೂ, ಪ್ರದರ್ಶನದಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ ಮಿತಗೊಳಿಸುವುದೂ ಇಂದಿನ ಸಂರಕ್ಷಕರು ಒಪ್ಪಿದ ಕ್ರಮಗಳು.

ಹುಳು, ತೇವ, ಬಿಸಿಲುಗಳಿಗಿಂತ ಹೆಚ್ಚಿನ ನಷ್ಟವನ್ನು ವ್ಯಾಪಾರವೇ ಮಾಡಿದೆ: ಚೌಕಟ್ಟಿಗೆ ಬಿಡಿ ಹಾಳೆಗಳು ಸಲ್ಲುತ್ತವೆಂದು ಇಡೀ ಸಂಪುಟಗಳನ್ನು ಬಿಚ್ಚಿ ಮಾರಿದ್ದರಿಂದ, ಗಿಡ ಎಲ್ಲಿಂದ ಬಂತು, ಯಾರ ತೋಟದಲ್ಲಿ ಹೂಬಿಟ್ಟಿತು ಎಂಬುದನ್ನು ಹೇಳುತ್ತಿದ್ದ ಪಠ್ಯದ ಪುಟ ಚಿತ್ರದಿಂದ ಬೇರೆಯಾಯಿತು. ಆ ಪುಟ ಈಗಲೂ ಜೊತೆಗಿರುವ ಹಾಳೆ ಬಣ್ಣ ಕೊಂಚ ಮಾಸಿದ್ದರೂ ಹೆಚ್ಚಿನ ಬೆಲೆಗೆ ಅರ್ಹ.